ಪ್ಲಾಸ್ಟಿಕ್ ತಟ್ಟೆ ಇರುವಾಗ ಜೆಲ್ ಯಾಕೆ?

"ಕಾಂಡಕೋಶಕ್ಕೆ ಸರಿಯಾದ ಪೋಷಕ ದ್ರಾವಣ ಕೊಟ್ಟರೆ ಸಾಕಲ್ವಾ? ಯಾವುದರ ಮೇಲೆ ಬೆಳೆದರೇನು?" ಲ್ಯಾಬ್ ನೋಡಲು ಬರುವ ವಿದ್ಯಾರ್ಥಿಗಳು ಇದನ್ನು ಕೇಳದೆ ಹೋಗುವುದಿಲ್ಲ. ಸಾಲದು ಅನ್ನುವುದೇ ನನ್ನ ಉತ್ತರ. ಕಾಂಡಕೋಶ ಅಂದರೆ ಮುಂದೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ. ಕೋಶ ಮುಂದೆ ಏನಾಗಬೇಕು ಅನ್ನುವುದರಲ್ಲಿ ಅದು ಕೂತ ಜಾಗದ ಪಾತ್ರವೂ ಇದೆ.

ಮೂಳೆ, ಹಲ್ಲು ಬಿಟ್ಟರೆ ನಮ್ಮ ಮೈಯೆಲ್ಲ ಹೆಚ್ಚುಕಡಿಮೆ ಮೆತ್ತಗೆ, ಒದ್ದೆ. ಲ್ಯಾಬಿನಲ್ಲಿ ಕೋಶ ಬೆಳೆಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತಟ್ಟೆಯೋ ಮಿದುಳಿಗಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಗಟ್ಟಿ. ಹೈಡ್ರೋಜೆಲ್ ಅಂದರೆ ನೀರು ಹಿಡಿದಿಟ್ಟುಕೊಂಡ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ) ಬಲೆ. ಎಷ್ಟೋ ಜೆಲ್‌ಗಳ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ. ಆದರೂ ಗಿಣ್ಣಿನ ಹಾಗೆ ಆಕಾರ ಬಿಡುವುದಿಲ್ಲ. ಬಲೆಯನ್ನು ಬಿಗಿಯಾಗಿ ಹೆಣೆದರೆ ಗಟ್ಟಿ, ಸಡಿಲವಾಗಿ ಹೆಣೆದರೆ ಮೆತ್ತಗೆ.

2006ರಲ್ಲಿ ಅಮೆರಿಕದ ಎಂಗ್ಲರ್, ಡಿಷರ್ ಮತ್ತು ಸಂಗಡಿಗರು ಇದನ್ನೇ ಬಳಸಿಕೊಂಡರು. ಮಾನವ ಮೂಳೆಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಬಿಗಿಯ, ಪಾಲಿಅಕ್ರಿಲಮೈಡ್ ಎಂಬ ಕೃತಕ ಪಾಲಿಮರ್‌ನ ಜೆಲ್‌ಗಳ ಮೇಲೆ ಬಿಟ್ಟರು. ದ್ರಾವಣ ಒಂದೇ, ಜೆಲ್ ಮೇಲಿನ ಕೊಲಾಜೆನ್ ಎಂಬ ಪ್ರೋಟೀನಿನ ಲೇಪವೂ ಒಂದೇ. 1 ಕಿಲೋಪಾಸ್ಕಲ್ (ಬಿಗಿ ಅಳೆಯುವ ಮಾನ) ಒಳಗಿನ ಮೆತ್ತನೆ ಜೆಲ್‌ನಲ್ಲಿ ನರಕೋಶದ ಲಕ್ಷಣ ಕಂಡಿತು. 8ರಿಂದ 17ರ ಬಿಗಿಯಲ್ಲಿ ಸ್ನಾಯುವಿನದು, 25ರಿಂದ 40ರಲ್ಲಿ ಮೂಳೆಯದು. ಲಕ್ಷಣ ಕಂಡ ಮಾತ್ರಕ್ಕೆ ಅದು ಪೂರ್ತಿ ನರಕೋಶವಾಯಿತು ಅಂತಲ್ಲ. ಆದರೂ ಬರೀ ಬಿಗಿ ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ! ಕೋಶ ತಾನು ಹಿಡಿದುಕೊಂಡ ಜಾಗವನ್ನು ಸದಾ ಎಳೆದು ನೋಡುತ್ತಿರುತ್ತದೆ. ಅದು ಬಗ್ಗದಿದ್ದರೆ ಕೋಶದೊಳಗಿನ ಎಳೆಗಳು ಬಿಗಿಯುತ್ತವೆ, ಆ ಸುದ್ದಿ ಕೋಶಕೇಂದ್ರದವರೆಗೂ ಹೋಗುತ್ತದೆ.

ಪಾಲಿಅಕ್ರಿಲಮೈಡ್ ಮೇಲೆ ಕೋಶ ಕೂರಿಸಬಹುದು, ಒಳಗೆ ಹುದುಗಿಸಲಾಗದು. ಅದರ ಕಚ್ಚಾ ವಸ್ತು ಕೋಶಕ್ಕೆ ವಿಷ. ಹಾಗಾಗಿ ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್‌ನಂಥವು ಬೇಕು. ಕ್ಯಾಲ್ಸಿಯಂ ಸೇರಿಸಿದರೆ ಕೋಶಗಳಿಗೆ ಹೆಚ್ಚು ತೊಂದರೆಯಾಗದೆ ಅದು ಗಟ್ಟಿಯಾಗುತ್ತದೆ. ಆದರೆ ಅದರಲ್ಲಿ ಕೋಶಕ್ಕೆ ಹಿಡಿತ ಸಿಗದು. ಆರ್‌ಜಿಡಿ ಎಂಬ ಪುಟ್ಟ ಪೆಪ್ಟೈಡ್ (ಪ್ರೋಟೀನ್) ತುಣುಕು ಅಂಟಿಸಿ ಹಿಡಿತ ಒದಗಿಸಬೇಕು.

ನನಗೆ ಸಮಾಧಾನವಿಲ್ಲದ್ದು ಮ್ಯಾಟ್ರಿಜೆಲ್ ವಿಷಯದಲ್ಲಿ. ಜಗತ್ತಿನಾದ್ಯಂತ ಲ್ಯಾಬ್‌ಗಳು ನೆಚ್ಚಿಕೊಂಡಿರುವ ಈ ಜೆಲ್ ಬರುವುದು ಇಲಿಯ ಕ್ಯಾನ್ಸರ್ ಗಡ್ಡೆಯಿಂದ. 2009ರಲ್ಲಿ ಸಾಟೊ, ಕ್ಲೆವರ್ಸ್ ತಂಡ ಇಲಿಯ ಒಂದೇ ಕಾಂಡಕೋಶದಿಂದ ಪುಟ್ಟ ಕರುಳಿನಂಥ ರಚನೆ ಬೆಳೆಸಿದ್ದು ಇದರಲ್ಲೇ. ಅದು ದೊಡ್ಡ ಸಾಧನೆಯೇ ಸರಿ. ಆದರೆ ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಗಡ್ಡೆಯಿಂದ ಬಂದದ್ದನ್ನು ರೋಗಿಯ ದೇಹಕ್ಕೆ ಸೇರಿಸುವುದೂ ಸರಿಯಲ್ಲ. 2016ರಲ್ಲಿ ಸ್ವಿಟ್ಜರ್ಲೆಂಡಿನ ಲುಟಾಲ್ಫ್ ತಂಡ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೃತಕ ಪಾಲಿಮರ್‌ನಿಂದ ಕರುಳಿನ ಕಾಂಡಕೋಶಗಳಿಗೆ ಜೆಲ್ ಕಟ್ಟಿ ತೋರಿಸಿತು. ಕೋಶಗಳ ಸಂಖ್ಯೆ ಹೆಚ್ಚಲು ಬಿಗಿ ಜೆಲ್ ಬೇಕಾಯಿತು, ಕರುಳಿನ ರೂಪ ತಾಳಲು ಮೆತ್ತನೆಯದು. ಇಂಥ ಜೆಲ್‌ನಲ್ಲಿ ಏನೇನಿದೆ ಅಂತ ಪೂರ್ತಿ ಗೊತ್ತಿರುತ್ತದೆ. ದುಡ್ಡು, ಸಮಯ ಹಾಕಬೇಕಾದ್ದು ಈ ದಾರಿಗೇ.