ಸಾಕೆಟ್‌ಗೆ ಮೂರು ತೂತಿದ್ದರೆ ಅರ್ಥಿಂಗ್ ಇದೆ ಅಂತಲ್ಲ

ವಾಷಿಂಗ್ ಮಷೀನ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಯಾರಾದರೂ ಕರೆದರೆ ನಾನು ಮೊದಲು ಮಷೀನ್ ಬಿಚ್ಚುವುದಿಲ್ಲ, ಸಾಕೆಟ್ ನೋಡುತ್ತೇನೆ. ಎಷ್ಟೋ ಸಲ ಮಷೀನಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಒಳಗಿನ ಫಿಲ್ಟರ್‌ನಿಂದ (ನೀರಿನದ್ದಲ್ಲ, ಕರೆಂಟಿನದ್ದು) ಚೂರು ಕರೆಂಟ್ ಮಷೀನಿನ ಲೋಹದ ಹೊರಮೈಗೆ ಬರುವುದು ಮಾಮೂಲು. ಅದು ಅರ್ಥ್ ವೈರ್ ಹಿಡಿದು ನೆಲಕ್ಕೆ ಹೋಗಬೇಕು. ವೈರ್ ಇಲ್ಲದಿದ್ದರೆ ಮುಟ್ಟಿದವರ ಮೈಯೊಳಗಿಂದ ಹೋಗುತ್ತದೆ.

ಮೊನ್ನೆ ಒಂದು ಹಳೇ ಮನೆಗೆ ಹೋಗಿದ್ದೆ. "ಟೆಸ್ಟರ್ ಇಟ್ಟು ನೋಡಿದ್ದೀನಪ್ಪ, ಎಲ್ಲ ಸರಿ ಇದೆ" ಅಂದರು ಯಜಮಾನರು. ಟೆಸ್ಟರ್ ಫೇಸ್, ಅಂದರೆ ಕರೆಂಟ್ ಬರುವ ವೈರ್, ತೋರಿಸುತ್ತದೆ, ಅಷ್ಟೇ. ಅರ್ಥ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಹೋಲ್ಡರ್‌ಗೆ ಹಳೇ 100 ವ್ಯಾಟ್ ಬಲ್ಬ್ ಹಾಕಿ, ಫೇಸ್‌ಗೂ ಅರ್ಥ್‌ಗೂ ಹಿಡಿದು ನೋಡುತ್ತೇವೆ, ಜೋರಾಗಿ ಉರಿದರೆ ಅರ್ಥ್ ಇದೆ ಅಂತ ಲೆಕ್ಕ. (ನೀವು ಇದನ್ನು ಮಾಡಲು ಹೋಗಬೇಡಿ, ಗೊತ್ತಿದ್ದವರನ್ನು ಕರೆಸಿ.) ಆ ಮನೆಯಲ್ಲಿ ಬಲ್ಬ್ ಜೋರಾಗಿಯೇ ಉರಿಯಿತು. ಆದರೂ ಮನಸ್ಸು ಒಪ್ಪದೆ ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದೆ. ಅರ್ಥ್ ಟರ್ಮಿನಲ್‌ನಿಂದ ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರ್‌ಗೆ) ಒಂದು ತುಂಡು ವೈರ್! ಬಲ್ಬ್ ಉರಿದದ್ದು ನ್ಯೂಟ್ರಲ್‌ನಿಂದ.

ಇದಕ್ಕಿಂತ ಅರ್ಥ್ ಇಲ್ಲದಿರುವುದೇ ವಾಸಿ ಅನ್ನುತ್ತೇನೆ ನಾನು. ಸಾಕೆಟ್‌ಗೆ ಬರುವ ದಾರಿಯಲ್ಲಿ ಎಲ್ಲೋ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಮೋಟರ್ ದಾಟಿ, ಆ ತುಂಡು ವೈರ್ ಹಿಡಿದು ನೇರ ಮಷೀನಿನ ಹೊರಮೈಗೆ ಬರುತ್ತದೆ. ಸುಮ್ನೆ ಹಸಿರು ಅರ್ಥ್ ವೈರ್ ಎಳೆಯುವ ಕೆಲಸ ಉಳಿಸಲು ಇಷ್ಟೆಲ್ಲ ಬೇಕಿತ್ತಾ?

"ಎಂಸಿಬಿ ಇದೆಯಲ್ಲ" ಅಂತಲೂ ಕೇಳಿದರು. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಕಾಯುವುದು ವೈರನ್ನು. ಜೀವ ತೆಗೆಯಲು ಹತ್ತಾರು ಮಿಲಿಆಂಪ್ (ಒಂದು ಮಿಲಿಆಂಪ್ ಅಂದರೆ ಆಂಪ್‌ನ ಸಾವಿರದಲ್ಲೊಂದು ಪಾಲು) ಸಾಕು, 16 ಆಂಪ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅರ್ಥ್ ವೈರ್ ನೆಲ ಸೇರುವ ಅರ್ಥ್ ಗುಂಡಿ ಇದ್ದರೂ ಆ ದಾರಿಯ ತಡೆ 10 ಓಮ್ ಇದ್ದರೆ, ಫೇಸ್ ಮಷೀನಿನ ಹೊರಮೈಗೆ ತಗುಲಿದಾಗ ಹರಿಯುವುದು 23 ಆಂಪ್, ಎಂಸಿಬಿ ತಕ್ಷಣ ಬೀಳುವುದಿಲ್ಲ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಾರಲ್ವಾ, ಆ ಓಮ್ ಇಳಿಸಲೇ. ಎಂಸಿಬಿ ನಂಬಲಾಗದ್ದಕ್ಕೇ 30 ಮಿಲಿಆಂಪ್‌ನ ಆರ್‌ಸಿಸಿಬಿ ಬೇಕು, ಅಷ್ಟು ಕರೆಂಟ್ ಸೋರಿದರೂ ಲೈನ್ ಕಡಿಯುವ ಸ್ವಿಚ್ ಅದು.

ಮೀಟರ್ ಬೋರ್ಡ್‌ನಿಂದ ಹೊಸ ಅರ್ಥ್ ವೈರ್ ಎಳೆದೆವು. ಗೀಸರ್ ಸಾಕೆಟ್‌ನಲ್ಲೂ ಅಂಥದೇ ತುಂಡು ವೈರ್ ಸಿಕ್ಕಿತು, ತೆಗೆದೆವು. ಆರ್‌ಸಿಸಿಬಿ ಕೂರಿಸಿ ಟೆಸ್ಟ್ ಬಟನ್ ಒತ್ತಿ ತೋರಿಸಿದೆ. ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ ಅಂದೆ. ಬಟನ್‌ನಿಂದ ಗೊತ್ತಾಗುವುದು ಆರ್‌ಸಿಸಿಬಿಯ ಸ್ಥಿತಿ ಮಾತ್ರ. ಅರ್ಥಿಂಗ್ ಪರೀಕ್ಷೆ ಬೇರೆಯೇ ಮಾಡಿಸಬೇಕು.