ಸೂರಿಲ್ಲದ ಸಭಾಂಗಣ

ಸಂಚಿಕೆಯ ಸಂಪಾದಕ ಬಳಗದ ಹುಡುಗಿ ಫೋನ್ ಮಾಡಿ, "ಸರ್, ಹಾಂಗ್‌ಕಾಂಗ್‌ನಲ್ಲಿ ಓದಿದ ನೆನಪುಗಳನ್ನು ಬರೆದುಕೊಡಿ, ಎರಡು ಪುಟ ಸಾಕು" ಎಂದಳು. ಟ್ರಾಮು, ಸಮುದ್ರ, ಅನ್ನಕ್ಕಾಗಿ ಪಟ್ಟ ಪಾಡು ಇವನ್ನೆಲ್ಲ ಅವಳು ನಿರೀಕ್ಷಿಸಿರಬೇಕು. ನನಗೆ ಮಾತ್ರ ಹಾಂಗ್‌ಕಾಂಗ್ ಎಂದರೆ ಮೊದಲು ಕಣ್ಣಿಗೆ ಬರುವುದು ಒಂದು ಕಪ್ಪು ಬಿಳುಪು ಫೋಟೊ.

ನಮ್ಮ ಕಾಲೇಜಿನಲ್ಲಿ ಇತಿಹಾಸ ಓದಿದ ನಾನು 1996ರಲ್ಲಿ ಸಂಶೋಧನೆಗೆಂದು ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಸೇರಿದೆ. ಆ ಫೋಟೊ ನೋಡಿದ್ದು ಅಲ್ಲಿ. ಕೆಂಪು ಇಟ್ಟಿಗೆಯ ಮುಖ್ಯ ಕಟ್ಟಡದ ದೊಡ್ಡ ಸಭಾಂಗಣದ ಚಿತ್ರ ಅದು. 1923ರಲ್ಲಿ ಚೀನಾದ ಕ್ರಾಂತಿಕಾರಿ ನಾಯಕ ಸನ್ ಯಾತ್ ಸೆನ್ ವಿದ್ಯಾರ್ಥಿಗಳೊಡನೆ ಮಾತನಾಡಿದ್ದ ಜಾಗ. ಗೋಡೆಗಳೂ ಕಂಬಗಳೂ ನಿಂತಿವೆ. ಮೇಲೆ ಸೂರಿಲ್ಲ, ಬರೀ ಆಕಾಶ. ಕಿಟಕಿಗಳಿರಬೇಕಾದಲ್ಲಿ ಖಾಲಿ ಕಂಡಿಗಳು. ಬಾಂಬು ಬಿದ್ದು ಹೀಗಾಯಿತೆಂದುಕೊಂಡಿದ್ದೆ. ಆದರೆ ಹೆಚ್ಚಿನ ಹಾನಿ ಮಾಡಿದ್ದು ಲೂಟಿ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಒಲೆಗೆ ಸೌದೆಯಿಲ್ಲದ ಊರು ಬಾಗಿಲು, ಚೌಕಟ್ಟು, ನೆಲಹಾಸಿನ ಹಲಗೆ, ತೊಲೆಗಳವರೆಗೆ ಕಿತ್ತುಕೊಂಡು ಹೋಗಿತ್ತು. ಅವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಹಸಿದ ಮನೆಯಲ್ಲಿ ಗಂಜಿ ಬೇಯಬೇಕಿತ್ತು.

ಈ ಕಟ್ಟಡಕ್ಕೆ ಹಣ ಕೊಟ್ಟವರು ಮುಂಬೈಯಿಂದ ಹೋಗಿ ಅಲ್ಲಿ ವ್ಯಾಪಾರದಲ್ಲಿ ಗಳಿಸಿದ ಪಾರ್ಸಿ, ಹೊರ್ಮಸ್‌ಜಿ ನವರೋಜಿ ಮೋದಿ. 1,50,000 ಹಾಂಗ್‌ಕಾಂಗ್ ಡಾಲರ್ ಕೊಡುತ್ತೇನೆಂದು ಅವರು ಮುಂದೆ ಬಂದ ಮೇಲೆಯೇ ಹಾಂಗ್‌ಕಾಂಗ್‌ನ ಬ್ರಿಟಿಷ್ ಗವರ್ನರ್ ಲುಗಾರ್ಡ್ ಅವರ ವಿಶ್ವವಿದ್ಯಾಲಯದ ಕನಸಿಗೆ ಕಾಲು ಬಂದದ್ದು. 1910ರ ಮಾರ್ಚ್ 16ರಂದು ಅಡಿಗಲ್ಲು ಬಿತ್ತು. 1912ರಲ್ಲಿ ಕಟ್ಟಡ ತೆರೆಯುವಷ್ಟರಲ್ಲಿ ಮೋದಿ ತೀರಿಕೊಂಡಿದ್ದರು. ಲುಗಾರ್ಡ್ ಅವರ ಲೆಕ್ಕದಲ್ಲಿ ಅದು ದ್ವೀಪದ ಮಕ್ಕಳಿಗಷ್ಟೇ ಅಲ್ಲ, ಇಡೀ ಚೀನಾಕ್ಕೆ ವಿದ್ಯೆ ಹಂಚುವ ಬ್ರಿಟಿಷ್ ದೀಪ. ಸಾಮ್ರಾಜ್ಯದ ಮಂದಿಗೆ ದೀಪದ ಮಾತು ಬಲು ಇಷ್ಟ. ಎಣ್ಣೆ ಹಾಕುವ ಸರದಿ ಬಂದಾಗ ಮಾತ್ರ ಪಾರ್ಸಿಗಳೂ ಚೀನೀ ಶೆಟ್ಟರೂ ನೆನಪಾಗುತ್ತಿದ್ದರು.

1941ರ ಡಿಸೆಂಬರ್ 8ರಂದು ಜಪಾನ್ ದಾಳಿಯಿಟ್ಟಿತು, ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಶರಣಾಯಿತು. ಕುಲಪತಿ ಡಂಕನ್ ಸ್ಲಾಸ್ ದ್ವೀಪದ ಸ್ಟಾನ್ಲಿ ಎಂಬಲ್ಲಿದ್ದ ಜಪಾನೀಯರ ಬಂಧನ ಶಿಬಿರ ಸೇರಿದರು. ಶರೀರಶಾಸ್ತ್ರದ ಪ್ರಾಧ್ಯಾಪಕ ಲಿಂಡ್ಸೆ ರೈಡ್ ಸೆರೆಯಿಂದ ತಪ್ಪಿಸಿಕೊಂಡು ಚೀನಾದ ಒಳನಾಡಿಗೆ ಹೋಗಿ, ಬೇರೆಯವರನ್ನು ಪಾರುಮಾಡುವ ದಳ ಕಟ್ಟಿದರು. ವೈದ್ಯಕೀಯ ವಿಭಾಗದ ಗಾರ್ಡನ್ ಕಿಂಗ್ ಕೂಡ ಹೊರಬಿದ್ದು, ಚದುರಿಹೋದ ವಿದ್ಯಾರ್ಥಿಗಳನ್ನು ಹುಡುಕಿ ಹುಡುಕಿ ಚೀನಾದ ಕಾಲೇಜುಗಳಲ್ಲಿ ಸೇರಿಸಿದರು. ಬೆಟ್ಟದ ಮೇಲೆ ಕಟ್ಟಡ ಬಯಲಾಗುತ್ತಿದ್ದಾಗ ವಿಶ್ವವಿದ್ಯಾಲಯ ಆ ಹುಡುಗ ಹುಡುಗಿಯರ ನೋಟುಪುಸ್ತಕಗಳಲ್ಲಿ ಊರೂರು ಅಲೆಯುತ್ತಿತ್ತು.

ಯುದ್ಧ ಮುಗಿಯಿತು. ಯುದ್ಧಕ್ಕೆ ಮೊದಲು ಹದಿನಾರು ಲಕ್ಷದಷ್ಟಿದ್ದ ಜನಸಂಖ್ಯೆ ಆರು ಲಕ್ಷಕ್ಕೆ ಇಳಿದಿತ್ತು. ಇಂಥ ಊರಿಗೆ ವಿಶ್ವವಿದ್ಯಾಲಯ ಬೇಕೇ? ಲಂಡನ್ನಿನಲ್ಲಿ ಈ ಪ್ರಶ್ನೆಯನ್ನು ನಿಜಕ್ಕೂ ಕೇಳಿದರು. ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಯುದ್ಧಕ್ಕೆ ಮೊದಲೂ ಸಂಸ್ಥೆ ಹಣವಿಲ್ಲದೆ ಏದುಸಿರು ಬಿಡುತ್ತಲೇ ಇತ್ತು. ಚೀನಾದಲ್ಲಿ ಅಂತರ್ಯುದ್ಧ, ನಾಳೆ ಯಾರೇ ಗೆದ್ದರೂ ದ್ವೀಪವನ್ನು ವಾಪಸು ಕೇಳಿದರೆ ಸುರಿದ ದುಡ್ಡೆಲ್ಲ ನೀರಿಗೆ ಹಾಕಿದಂತೆ. 1946ರಲ್ಲಿ ಬ್ರಿಟಿಷ್ ವಸಾಹತು ಇಲಾಖೆಯ ಶಿಕ್ಷಣ ಸಲಹೆಗಾರ ಕ್ರಿಸ್ಟೋಫರ್ ಕಾಕ್ಸ್ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ತೂಗಿ ನೋಡಿ, ಮತ್ತೆ ಕಟ್ಟಬೇಕು ಎಂದು ಶಿಫಾರಸು ಮಾಡಿತು. ಸಮಿತಿ ಹೇಳಿದ ಮಾತ್ರಕ್ಕೆ ಹಣದ ಗಂಟು ಬಿಚ್ಚಲಿಲ್ಲ. ಬ್ರಿಟಿಷ್ ಸರ್ಕಾರ ಕೊನೆಗೆ ಕೊಟ್ಟದ್ದು 2,50,000 ಪೌಂಡ್, ಅದೂ ಸಾಕಷ್ಟು ಕಾಯಿಸಿ.

ಅಷ್ಟರಲ್ಲಿ ಬೆಟ್ಟದ ಮೇಲಿನವರು ಕೈಕಟ್ಟಿ ಕೂತಿರಲಿಲ್ಲ. 1946ರ ಅಕ್ಟೋಬರ್‌ನಲ್ಲೇ, ಅರೆಬರೆ ಕೊಠಡಿಗಳಲ್ಲಿ, ಇದ್ದಷ್ಟು ಅಧ್ಯಾಪಕರೊಡನೆ ಪಾಠ ಶುರುವಾಗಿತ್ತು. ಒಮ್ಮೆ ಹುಡುಗರು ಬೆಂಚಿನ ಮೇಲೆ ಕೂತ ಮೇಲೆ ಎಬ್ಬಿಸಿ ಕಳುಹಿಸುವುದು ಯಾವ ಮಂತ್ರಿಗೂ ಸುಲಭವಲ್ಲ. ಚೀನಾದಲ್ಲಿ ಬ್ರಿಟನ್ನಿನ ಪ್ರತಿಷ್ಠೆ ಉಳಿಯಬೇಕೆಂಬ ವಾದಕ್ಕೆ ಕಡತಗಳಲ್ಲಿ ಜಾಗ ಹೆಚ್ಚು. ನನ್ನ ಪ್ರಬಂಧದಲ್ಲಿ ನಾನೂ ಅದಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೆ. ಈಗ ಬರೆದರೆ ಅರ್ಧ ಪುಟ ಕೊಡುತ್ತೇನೆ.

ನಾನು ಹೋದಾಗ ಅಲ್ಲಿ ಅದೇ ಪ್ರಶ್ನೆ ಬೇರೆ ಅಂಗಿ ತೊಟ್ಟು ಓಡಾಡುತ್ತಿತ್ತು. 1997ರ ಜುಲೈ 1ಕ್ಕೆ ಹಾಂಗ್‌ಕಾಂಗ್ ಚೀನಾಕ್ಕೆ ಮರಳಬೇಕು. ಆಮೇಲೆ ವಿಶ್ವವಿದ್ಯಾಲಯದ ಗತಿಯೇನು ಎಂದು ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಎಲ್ಲೆಲ್ಲೂ ಮಾತು. ನನಗೆ ಒಳಗೊಳಗೇ ನಗು. ಐವತ್ತು ವರ್ಷ ಹಿಂದಿನ ಕಡತದಲ್ಲಿ ಬೆಳಿಗ್ಗೆ ಓದಿದ ವಾಕ್ಯವನ್ನೇ ಮಧ್ಯಾಹ್ನ ಊಟದ ಮೇಜಿನಲ್ಲಿ ಕೇಳುತ್ತಿದ್ದೆ.

ಆ ಚಳಿಗಾಲದಲ್ಲೇ ಒಬ್ಬ ವೃದ್ಧ ವೈದ್ಯರ ಪರಿಚಯವಾಯಿತು. 1941ರಲ್ಲಿ ವೈದ್ಯಕೀಯ ಮೂರನೇ ವರ್ಷದಲ್ಲಿದ್ದವರು. ಮುಖ್ಯ ಕಟ್ಟಡ ತೋರಿಸುತ್ತೇನೆಂದು ಬಾನ್‌ಹ್ಯಾಮ್ ರಸ್ತೆಯಿಂದ ಮೆಟ್ಟಿಲು ಹತ್ತಿಸಿಕೊಂಡು ಕರೆದುಕೊಂಡು ಹೋದರು. ಅವರಿಗೆ ಎಪ್ಪತ್ತೈದು ದಾಟಿತ್ತು, ಏದುಸಿರು ಬಂದದ್ದು ನನಗೆ. ತಾಳೆಮರಗಳ ಅಂಗಳದಲ್ಲಿ ಕಟ್ಟೆಯ ಮೇಲೆ ಕೂತೆವು. ಹಾಂಗ್‌ಕಾಂಗ್ ಬಿಟ್ಟು ಓಡುವಾಗ ಬದಲಿ ಬಟ್ಟೆಯ ಜೊತೆಗೆ ಅಂಗರಚನಾಶಾಸ್ತ್ರದ ಟಿಪ್ಪಣಿಗಳನ್ನೂ ಸುತ್ತಿಕೊಂಡಿದ್ದರಂತೆ, ಎಷ್ಟೋ ದೂರ ಕಾಲ್ನಡಿಗೆಯಂತೆ, ಚೀನಾದ ಒಳಗೆ ಎರಡು ಕಡೆ ಓದಿದರಂತೆ. ಯುದ್ಧ ಮುಗಿದ ಮೇಲೆ ವಾಪಸು ಬಂದು ಇದೇ ಅಂಗಳದಲ್ಲಿ ನಿಂತಾಗ ಸಭಾಂಗಣದ ಮೇಲೆ ಸೂರಿರಲಿಲ್ಲ.

"ನೋಡಿ ದುಃಖವಾಯಿತೇ?" ಎಂದು ಕೇಳಿದೆ. ಸಂಶೋಧಕರು ಕೇಳುವಂಥ ದಡ್ಡ ಪ್ರಶ್ನೆ.

"ಸೂರನ್ನು ಯಾರು ನೋಡಿದರು? ಕಚೇರಿ ಎಲ್ಲಿದೆ ಎಂದು ಹುಡುಕಿದೆ. ನಾನು ಚೀನಾದಲ್ಲಿ ಓದಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಾ, ಇಲ್ಲವಾ, ಅಷ್ಟು ಹೇಳಿ ಎಂದೆ."

"ಹಿಡಿದರೇ?"

ಅವರು ಉತ್ತರ ಕೊಡದೆ ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದರು. "ತೊಂಬತ್ತಾರು. ನಿನ್ನ ವಯಸ್ಸಿಗೆ ಜಾಸ್ತಿ. ದಿನಾ ಈ ಮೆಟ್ಟಿಲು ಹತ್ತು" ಎಂದರು.