ಹಾಲುಹಲ್ಲಿನ ಹುಳುಕಿಗೆ ಡ್ರಿಲ್ಲೇ ಬೇಕಾ?

"ಹೇಗಿದ್ರೂ ಬಿದ್ದು ಹೋಗೋ ಹಲ್ಲು ತಾನೇ, ಅದಕ್ಯಾಕೆ ಇಷ್ಟೆಲ್ಲ?" ಮಕ್ಕಳ ಹಲ್ಲಿನ ಡಾಕ್ಟರಾಗಿ ನಾನು ಅತಿ ಜಾಸ್ತಿ ಕೇಳಿಸಿಕೊಂಡ ಮಾತು ಇದು. ಅರ್ಧ ನಿಜ. ಬೀಳುವುದಂತೂ ಬೀಳುತ್ತದೆ, ಆದರೆ ಯಾವಾಗ? ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ. ಹಿಂದಿನ ದವಡೆ ಹಲ್ಲಿಗೆ ಹತ್ತೋ ಹನ್ನೊಂದೋ, ಕೆಲವು ಮಕ್ಕಳಲ್ಲಿ ಹನ್ನೆರಡೋ ಆಗಬೇಕು. ಅಂದರೆ ನಾಲ್ಕು ವರ್ಷದ ಮಗುವಿನ ದವಡೆ ಹಲ್ಲಿನಲ್ಲಿ ತೂತು ಬಿದ್ದಿದ್ದರೆ, ಆ ಹಲ್ಲು ಇನ್ನೂ ಆರೇಳು ವರ್ಷ ಚಪಾತಿ ಚಕ್ಕುಲಿ ಅಗಿಯಬೇಕು, ಜೊತೆಗೆ ಕೆಳಗಿನಿಂದ ಬರಲಿರುವ ಹಲ್ಲಿಗೆ ಜಾಗವನ್ನೂ ಕಾದಿಡಬೇಕು. ಬೇಗ ಕಿತ್ತುಹಾಕಿದರೆ ಅಕ್ಕಪಕ್ಕದವು ಆ ಜಾಗಕ್ಕೆ ಸರಿದುಬಿಡುತ್ತವೆ. ಆಮೇಲೆ ಬರುವ ಹಲ್ಲು ಸೊಟ್ಟಗೆ ಬರುತ್ತದೆ, ಕ್ಲಿಪ್ಪಿಗೆ ದುಡ್ಡು ಸುರಿಯಬೇಕಾಗುತ್ತದೆ.

ಇನ್ನು ಉಳಿದರ್ಧ. ಬೀಳುವ ಹಲ್ಲು ಅನ್ನುವುದು ನಮಗೆ ಅನುಕೂಲವೂ ಹೌದು. ಇದು ಅರವತ್ತು ವರ್ಷ ಬಾಳಬೇಕಾಗಿಲ್ಲ. ನೋವಿಲ್ಲದೆ, ಕೀವಾಗದೆ, ತಾನಾಗಿ ಅಲ್ಲಾಡಿ ಬೀಳುವ ದಿನದ ತನಕ ತಲುಪಿಸಿದರೆ ನಮ್ಮ ಕೆಲಸ ಮುಗಿಯಿತು. ಹೊಸ ಹಲ್ಲಿನಂತೆ ಕಾಣಲೇಬೇಕು ಅನ್ನುವ ಹಟ ಬಿಟ್ಟರೆ ಸೂಜಿ, ಡ್ರಿಲ್ ಎರಡೂ ಇಲ್ಲದೆ ಎಷ್ಟೋ ಮಕ್ಕಳನ್ನು ನೋಡಿಕೊಳ್ಳಬಹುದು.

ಮೂರು ವರ್ಷದ ಮಗುವನ್ನು ಇಬ್ಬರು ಅದುಮಿ ಹಿಡಿದುಕೊಂಡು ಒಂದು ಫಿಲ್ಲಿಂಗ್ ಮಾಡಿ ಮುಗಿಸಬಹುದು, ಇಲ್ಲ ಅಂತಲ್ಲ. ಆದರೆ ಆ ಮಗು ಆಮೇಲೆ ಹಲ್ಲಿನ ಡಾಕ್ಟರ ಬಾಗಿಲು ಕಂಡರೇ ಕಿರುಚುತ್ತದೆ. ಇಲ್ಲವೇ ಆಸ್ಪತ್ರೆಗೆ ಸೇರಿಸಿ, ಪೂರ್ತಿ ಮತ್ತು ಬರಿಸಿ, ಎಲ್ಲಾ ಹಲ್ಲನ್ನೂ ಒಂದೇ ಸಲ ಮಾಡಬೇಕು. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು. ಎಲ್ಲರಿಗೂ ಬೇಕಿಲ್ಲ.

ನಾನು ಮೊದಲು ಕೈಗೆತ್ತಿಕೊಳ್ಳುವುದು ಎಸ್‌ಡಿಎಫ್. ಪೂರ್ತಿ ಹೆಸರು ಸಿಲ್ವರ್ ಡೈಅಮೈನ್ ಫ್ಲೋರೈಡ್. ಇದರಲ್ಲಿರುವ ಬೆಳ್ಳಿ ಹುಳುಕಿನೊಳಗಿನ ಬ್ಯಾಕ್ಟೀರಿಯಾ ಸಾಯಿಸುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ನಿನ್ನೆ ಮೊನ್ನೆಯ ಔಷಧಿಯಲ್ಲ, ಜಪಾನಿನಲ್ಲಿ 1970ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಕಾಗದದ ಮೇಲೆ ಹಲ್ಲು ಜುಮ್ಮೆನ್ನುವುದಕ್ಕೆ ಅಂತ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹಚ್ಚುವುದು ಹೇಗೆ ಅಂದರೆ, ಚಿಕ್ಕ ಮಗುವಾದರೆ ಅಮ್ಮನೂ ನಾನೂ ಎದುರುಬದುರು ಮೊಣಕಾಲು ತಾಗಿಸಿ ಕೂರುತ್ತೇವೆ. ಮಗುವಿನ ಕಾಲು ಅಮ್ಮನ ಸೊಂಟದ ಕಡೆ, ತಲೆ ನನ್ನ ತೊಡೆ ಮೇಲೆ. ತುಟಿಗೆ ವ್ಯಾಸಲೀನ್. ಹಲ್ಲಿನ ಪಕ್ಕ ಹತ್ತಿ ಇಟ್ಟು ಒಣಗಿಸಿ, ಪ್ಲಾಸ್ಟಿಕ್ ಬಟ್ಟಲಿಗೆ ಒಂದೇ ಒಂದು ತೊಟ್ಟು ಹಾಕಿ, ಬೆಂಕಿಕಡ್ಡಿಗಿಂತ ಸಣ್ಣ ಬ್ರಷ್ಷಿನ ತುದಿಯಿಂದ ತೂತಿನೊಳಗೆ ಒತ್ತಿ ಒಂದು ನಿಮಿಷ ಹಿಡಿದರೆ ಆಯಿತು. ಒಂದು ತೊಟ್ಟು ಐದು ಹಲ್ಲಿಗೆ ಸಾಕು. ಬಾಯಲ್ಲಿ ಲೋಹದ ಕಹಿ, ಅದಕ್ಕೆ ಮುಖ ಹಿಂಡುತ್ತಾರೆ, ಅಷ್ಟೇ. ಚರ್ಮಕ್ಕೆ ತಾಗಿದರೆ ಕಂದು ಕಲೆ ಬಿದ್ದು ವಾರ ಹದಿನೈದು ದಿನದಲ್ಲಿ ಹೋಗುತ್ತದೆ. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ನಮ್ಮ ಕ್ಲಿನಿಕ್ಕಿನ ಕೌಂಟರ್ ಮೇಲೂ ಒಂದು ಕಲೆ ಇದೆ, ಯಾವ ಪುಡಿಗೂ ಜಗ್ಗಿಲ್ಲ.

ಈಗ ಅಸಲಿ ತಕರಾರಿಗೆ ಬರೋಣ. ಹುಳುಕಾದ ಜಾಗ ಕಪ್ಪಗಾಗುತ್ತದೆ. ಕಂದು ಅಲ್ಲ, ಕಪ್ಪು, ಮತ್ತು ಅದು ಕಪ್ಪಾಗಿಯೇ ಉಳಿಯುತ್ತದೆ. ಅಪ್ಪ ಅಮ್ಮ ಒಪ್ಪಿದರೂ ಅಜ್ಜಿ ಒಪ್ಪುವುದಿಲ್ಲ. "ಅಯ್ಯೋ ಡಾಕ್ಟ್ರೇ, ಹೆಣ್ಮಗು, ಹಲ್ಲು ಕಪ್ಪು ಮಾಡಿಬಿಟ್ರೆ ಹೇಗೆ?" ಅದಕ್ಕೇ ನಾನು ಹಚ್ಚುವ ಮೊದಲೇ ಫೋಟೊ ತೋರಿಸಿ, ಒಪ್ಪಿಗೆ ಬರೆಸಿಕೊಂಡೇ ಮುಂದುವರಿಯುವುದು. ಅಜ್ಜಿಗೆ ಹೇಳುವುದಿಷ್ಟು: ಕಪ್ಪಗೆ, ಗಟ್ಟಿಯಾಗಿ, ಹೊಳೆಯುತ್ತಿದ್ದರೆ ಹುಳುಕು ನಿಂತಿದೆ ಅಂತ ಅರ್ಥ. ಹಳದಿ ಬಣ್ಣಕ್ಕೆ ತಿರುಗಿ ಮೆತ್ತಗಿದ್ದರೆ ಒಳಗೆ ಇನ್ನೂ ಕೊರೆಯುತ್ತಿದೆ. ಮುಂದಿನ ಹಲ್ಲಾದರೆ ಆಮೇಲೆ ಮೇಲೊಂದು ಬಿಳಿ ಫಿಲ್ಲಿಂಗ್ ಹಾಕಿ ಕಪ್ಪನ್ನು ಸ್ವಲ್ಪ ಮರೆಮಾಡಬಹುದು. ದವಡೆ ಹಲ್ಲಾದರೆ ಅದನ್ನು ಯಾರು ಬಗ್ಗಿ ನೋಡುತ್ತಾರೆ ಹೇಳಿ?

ಒಂದು ಸಲ ಹಚ್ಚಿ ಸುಮ್ನೆ ಕೂರುವ ಹಾಗಿಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಹೀಗೆ ಮಾಡಿದರೆ ಬಹುಪಾಲು ಹುಳುಕು ನಿಲ್ಲುತ್ತದೆ, ಎಲ್ಲವೂ ಅಲ್ಲ.

ಪಾವಗಡದ ಕಡೆಯಿಂದ ಬರುವವರು ಫ್ಲೋರೈಡ್ ಅಂದ ತಕ್ಷಣ ಬೆಚ್ಚಿಬೀಳುತ್ತಾರೆ. ತಪ್ಪೇನಿಲ್ಲ, ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾದವರನ್ನು, ಮೂಳೆ ಬಾಗಿದವರನ್ನು ಕಣ್ಣಾರೆ ಕಂಡವರು. ಅವರಿಗೆ ನಾನು ಲೆಕ್ಕ ಹಾಕಿ ತೋರಿಸುತ್ತೇನೆ. ಕುಡಿಯುವ ನೀರಿಗೆ ನಮ್ಮಲ್ಲಿ ಇರುವ ಕೊನೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಎಸ್‌ಡಿಎಫ್‌ನ ಒಂದು ತೊಟ್ಟಿನಲ್ಲಿ ಇರುವುದು 1 ಮಿಲಿಗ್ರಾಂ ಚಿಲ್ಲರೆ. ಅದೂ ಆರು ತಿಂಗಳಿಗೊಮ್ಮೆ. ಮೈಗೆ ಕೆಡುಕು ಮಾಡುವುದು ದಿನವೂ, ವರ್ಷಗಟ್ಟಲೆ ಹೊಟ್ಟೆಗೆ ಹೋಗುವ ಫ್ಲೋರೈಡ್.

ಇನ್ನು ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕು ಸೇರಿಕೊಂಡ ದವಡೆ ಹಲ್ಲು. ಅಲ್ಲಿಗೆ ನನಗೆ ಇಷ್ಟವಾದದ್ದು ಹಾಲ್ ಟೆಕ್ನಿಕ್. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಅನ್ನುವ ಡಾಕ್ಟರು ಮಕ್ಕಳಿಗೆ ಸ್ಟೀಲ್ ಕ್ಯಾಪ್ ಹಾಕುತ್ತಿದ್ದರು, ಆದರೆ ಹುಳುಕು ತೆಗೆಯದೆ, ಹಲ್ಲನ್ನು ಡ್ರಿಲ್ಲಿನಿಂದ ತೇಯದೆ, ಸೂಜಿ ಚುಚ್ಚದೆ! ಕ್ಯಾಪಿನೊಳಗೆ ಸಿಮೆಂಟ್ ತುಂಬಿ ಡಬ್ಬಿಗೆ ಮುಚ್ಚಳ ಒತ್ತಿದ ಹಾಗೆ ಒತ್ತಿಬಿಡುವುದು. ನಾವು ಕಾಲೇಜಲ್ಲಿ ಕಲಿತದ್ದಕ್ಕೆ ಪೂರ್ತಿ ಉಲ್ಟಾ. ಹುಳುಕು ಒಳಗೇ ಬಿಟ್ಟರೆ ಬೆಳೆಯಲ್ವಾ? ಬೆಳೆಯುವುದಿಲ್ಲ, ಯಾಕೆಂದರೆ ಬ್ಯಾಕ್ಟೀರಿಯಾಕ್ಕೆ ಬಾಯಿಯ ಸಕ್ಕರೆ ಸಿಗಬೇಕು, ಆ ದಾರಿಯೇ ಮುಚ್ಚಿಹೋಗಿರುತ್ತದೆ. ಅವರ ಕೇಸುಗಳ ದಾಖಲೆ 2006ರಲ್ಲಿ ಪ್ರಕಟವಾಯಿತು. ಆಮೇಲೆ ಸ್ಕಾಟ್ಲೆಂಡಿನಲ್ಲೇ 132 ಮಕ್ಕಳಲ್ಲಿ ಒಂದು ಹಲ್ಲಿಗೆ ಕ್ಯಾಪ್, ಅದರ ಜೋಡಿ ಹಲ್ಲಿಗೆ ಮಾಮೂಲಿ ಫಿಲ್ಲಿಂಗ್ ಮಾಡಿ ಐದು ವರ್ಷ ನೋಡಿದರು. ನೋವು ಅಥವಾ ಕೀವಿನ ಮಟ್ಟಕ್ಕೆ ಹೋಗಿ ಕೆಟ್ಟದ್ದು ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ನೂರಕ್ಕೆ 3, ಫಿಲ್ಲಿಂಗ್ ಮಾಡಿದವುಗಳಲ್ಲಿ 16ಕ್ಕೂ ಜಾಸ್ತಿ.

ಹಲ್ಲುಗಳ ಮಧ್ಯೆ ಜಾಗ ಇಲ್ಲದಿದ್ದರೆ ಮೂರ್ನಾಲ್ಕು ದಿನ ಮೊದಲೇ ಸಣ್ಣ ರಬ್ಬರ್ ರಿಂಗ್ ಕೂರಿಸಿ ಕಳಿಸುತ್ತೇವೆ. ಕ್ಯಾಪ್ ಹಾಕುವಾಗ ಮಗು ನೆಟ್ಟಗೆ ಕೂತಿರಬೇಕು, ಜಾರಿ ಗಂಟಲಿಗೆ ಹೋಗಬಾರದು. ಮಗುವೇ ಹತ್ತಿಯುಂಡೆ ಕಚ್ಚಿ ಕ್ಯಾಪನ್ನು ಕೆಳಗೆ ಇಳಿಸುತ್ತದೆ. ಆ ದಿನ ಕಚ್ಚಿದರೆ ಹಲ್ಲು ಎತ್ತರ ಅನಿಸುತ್ತದೆ, ಬೇರೆ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಮನೆಯವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಕೆಲವು ವಾರಗಳಲ್ಲಿ ಅದು ತಾನೇ ಸರಿಹೋಗುತ್ತದೆ. ಆ ಕ್ಯಾಪನ್ನು ಮುಂದೆ ತೆಗೆಸಬೇಕಾಗಿಯೂ ಇಲ್ಲ, ಹಲ್ಲಿನ ಜೊತೆಗೇ ಬೀಳುತ್ತದೆ. ಬಿದ್ದ ಹಲ್ಲನ್ನು ಹೆಂಚಿನ ಮೇಲೆ ಎಸೆಯುವ ರೂಢಿ ಇರುವ ಮನೆಯವರು ಕ್ಯಾಪ್ ಸಮೇತ ಎಸೆಯಬಹುದು.

ಹಲ್ಲಿನ ಮೇಲೆ ಬರೀ ಸುಣ್ಣದಂಥ ಬಿಳಿ ಗೆರೆ ಇದ್ದರೆ ಇದ್ಯಾವುದೂ ಬೇಡ, ಫ್ಲೋರೈಡ್ ವಾರ್ನಿಷ್ ಹಚ್ಚಿ ಚೆನ್ನಾಗಿ ಬ್ರಷ್ ಮಾಡಿದರೆ ಸಾಕು. ಮಗುವಿನ ಮೇಲ್ದುಟಿ ಎತ್ತಿ ಆಗಾಗ ನೋಡುತ್ತಿರಿ, ಅಲ್ಲೇ ಮೊದಲು ಕಾಣುವುದು.

ಆದರೆ ರಾತ್ರಿ ನೋವಿಗೆ ಮಗು ಎದ್ದು ಅಳುತ್ತಿದ್ದರೆ, ವಸಡಿನ ಮೇಲೆ ಗುಳ್ಳೆ ಬಂದಿದ್ದರೆ, ಕೆನ್ನೆ ಊದಿದ್ದರೆ ಎಸ್‌ಡಿಎಫ್ ಹಚ್ಚಿ ಅಂತ ಬರಬೇಡಿ. ಹುಳುಕು ನರ ಮುಟ್ಟಿಯಾಗಿದೆ. ಆಗ ನರದ ಚಿಕಿತ್ಸೆ, ಇಲ್ಲವೇ ಕಿತ್ತು, ಮುಂದೆ ಬರುವ ಹಲ್ಲಿಗೆ ಜಾಗ ಕಾದಿಡುವ ಒಂದು ತಂತಿ. ಮೇಲೆ ಹೇಳಿದ್ದೆಲ್ಲ ಅದಕ್ಕೆ ಮುಂಚಿನ ಹಂತದ ಮಾತು, ಅದಕ್ಕೇ ಎಕ್ಸ್‌ರೇ ನೋಡದೆ ನಾನು ಕ್ಯಾಪ್ ಮುಟ್ಟುವುದಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 3ರಿಂದ 7 ವರ್ಷದ 1,144 ಮಕ್ಕಳಲ್ಲಿ ಡ್ರಿಲ್ ಮಾಡಿ ತುಂಬುವುದು, ಹುಳುಕನ್ನು ಒಳಗೇ ಮುಚ್ಚುವುದು, ಬರೀ ಬ್ರಷ್ ಫ್ಲೋರೈಡ್ ಊಟದ ಕಡೆ ಗಮನ ಕೊಡುವುದು, ಈ ಮೂರನ್ನೂ ಹೋಲಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ಮೂರು ಗುಂಪಿನಲ್ಲೂ ನೂರಕ್ಕೆ 40ರ ಆಸುಪಾಸು ಮಕ್ಕಳಿಗೆ ಸುಮಾರು ಮೂರು ವರ್ಷದಲ್ಲಿ ನೋವೋ ಕೀವೋ ಬಂದೇ ಬಂತು. ಯಾವುದೂ ಮಂತ್ರವಲ್ಲ. ಯಾವ ದಾರಿ ಹಿಡಿದರೂ ಮನೆಯಲ್ಲಿ ನಡೆಯಬೇಕಾದದ್ದು ನಡೆಯಲೇಬೇಕು. ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ನಿಲ್ಲಲಿ. ಅಳು ನಿಲ್ಲಿಸಲು ಕೈಗೆ ಬಿಸ್ಕತ್ತು ಕೊಡುವುದೂ ನಿಲ್ಲಲಿ. ಏಳೆಂಟು ವರ್ಷದ ತನಕ ಬ್ರಷ್ ಹಿಡಿಯುವ ಕೈ ದೊಡ್ಡವರದ್ದೇ ಆಗಿರಬೇಕು. ಪೇಸ್ಟಿನ ಟ್ಯೂಬ್ ತಿರುಗಿಸಿ ಓದಿ, ಕಾರ್ಟೂನ್ ಚಿತ್ರ ಇರುವ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡೇ ಇರುವುದಿಲ್ಲ. 1000 ಪಿಪಿಎಂ ಇರುವುದನ್ನು ತನ್ನಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ಉಜ್ಜಿದ ಮೇಲೆ ಉಗುಳಿಸಿದರೆ ಸಾಕು, ನೀರು ಹಾಕಿ ಮುಕ್ಕಳಿಸುವುದು ಬೇಡ.